ಮದುವೆ ಕೇಕ್ ಕಪ್ಪಾಗಿರಲಿ, ಹಲ್ಲು ಬೆಳ್ಳಗಿರಲಿ

ಪ್ರಶ್ನೆ: ಏಪ್ರಿಲ್ ಕೊನೆಯ ವಾರ ಮಂಗಳೂರಿನಲ್ಲಿ ನನ್ನ ಮದುವೆ. ಸಂಜೆ ಇಗರ್ಜಿಯಲ್ಲಿ ಮದುವೆ, ಆಮೇಲೆ ಹಾಲ್‌ನಲ್ಲಿ ರಿಸೆಪ್ಷನ್, ಸುಮಾರು 400 ಜನ. ಮೂರು ಅಂತಸ್ತಿನ ಕೇಕ್ ಪೂರ್ತಿ ಕಪ್ಪಾಗಿ ಇರಬೇಕು ಅಂತ ನನಗೆ ಬಹಳ ಆಸೆ. ಅತ್ತೆಯಾಗುವವರು "ಮದುವೆಗೆ ಕಪ್ಪಾ? ಜನ ಏನು ಹೇಳ್ಯಾರು" ಅನ್ನುತ್ತಾರೆ. ಬೇಕರಿಯವರು "ಮಾಡಬಹುದು, ಆದ್ರೆ ಬೇಡ" ಅನ್ನುತ್ತಾರೆ, ಯಾಕೆ ಅಂತ ಬಿಡಿಸಿ ಹೇಳುವುದಿಲ್ಲ. ಕಪ್ಪು ಬೇಡ ಅಂದರೆ ನೇವಿ ಬ್ಲೂ ಅಥವಾ ಮರೂನ್ ಆಗುತ್ತದಾ? ನೀವೇನು ಹೇಳುತ್ತೀರಿ?

ಉತ್ತರ: ಮಾಡಿಸಿ. ಆದರೆ ಡಬ್ಬಿಯ ಬಣ್ಣ ಸುರಿದು ಕಪ್ಪು ಮಾಡಿಸಬೇಡಿ, ಚಾಕೊಲೇಟು ಮತ್ತು ಕೋಕೋದಿಂದ ಎಷ್ಟು ಕಪ್ಪು ಬರುತ್ತದೋ ಅಷ್ಟಕ್ಕೆ ನಿಲ್ಲಿಸಿ. ಜನ ತಿನ್ನುವ ಕೇಕಿಗೆ ಕಪ್ಪು ಬಣ್ಣ ತಾಗಲೇ ಬಾರದು. ನಾನು ಹೇಳುವುದು ಇಷ್ಟೇ, ಆದರೆ ನಿಮ್ಮ ಬೇಕರಿಯವರು ಬಾಯಿಬಿಡದ ಆ "ಯಾಕೆ" ಸ್ವಲ್ಪ ಉದ್ದ ಉಂಟು. ಅದನ್ನೇ ಹೇಳುತ್ತೇನೆ.

ಮೊದಲು ಕಪ್ಪು ಬಣ್ಣ ಹೇಗೆ ಬರುತ್ತದೆ ನೋಡಿ. ನಮ್ಮ ದೇಶದಲ್ಲಿ ತಿನಿಸಿಗೆ ಹಾಕಲು ಅನುಮತಿ ಇರುವ ಕೃತಕ ಬಣ್ಣಗಳು ಎಂಟೇ ಎಂಟು. ಕೆಂಪಿಗೆ ಪಾನ್ಸೊ 4ಆರ್, ಕಾರ್ಮೋಸಿನ್, ಎರಿಥ್ರೋಸಿನ್. ಹಳದಿಗೆ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ. ನೀಲಿಗೆ ಇಂಡಿಗೋ ಕಾರ್ಮೈನ್, ಬ್ರಿಲಿಯಂಟ್ ಬ್ಲೂ. ಹಸಿರಿಗೆ ಫಾಸ್ಟ್ ಗ್ರೀನ್. ಅಷ್ಟೇ. ಈ ಪಟ್ಟಿಯಲ್ಲಿ ಕಪ್ಪು ಇಲ್ಲ. ಹಾಗಾದರೆ ಅಂಗಡಿಯಲ್ಲಿ ಸಿಗುವ ಕಪ್ಪು ಜೆಲ್ ಏನು? ಕೆಂಪು, ಹಳದಿ, ನೀಲಿ ಮೂರನ್ನೂ ಗಟ್ಟಿಯಾಗಿ ಬೆರೆಸಿದ್ದು. ಹಾಗಾಗಿಯೇ ಕಪ್ಪು ಕೇಕು ಬಿಸಿಲು ಬೀಳುವ ಕಿಟಕಿಯ ಹತ್ತಿರ ಒಂದು ಮಧ್ಯಾಹ್ನ ಕೂತರೆ ನೇರಳೆಗೋ ಪಾಚಿ ಹಸಿರಿಗೋ ತಿರುಗುತ್ತದೆ. ಮೂರರಲ್ಲಿ ಒಂದು ಬಣ್ಣ ಬೇಗ ಮಾಸುತ್ತದೆ, ಉಳಿದ ಎರಡು ಎದ್ದು ಕಾಣುತ್ತವೆ.

ಇನ್ನು ಪ್ರಮಾಣದ ಮಾತು. ಈ ಬಣ್ಣಗಳಿಗೆ ಹೆಚ್ಚಿನ ತಿನಿಸುಗಳಲ್ಲಿ ಕೆಜಿಗೆ 100 ಮಿಲಿಗ್ರಾಂ ಅಂತ ಮಿತಿ ಇದೆ. ತಿಳಿ ಗುಲಾಬಿ, ತಿಳಿ ಹಳದಿಗೆ ಅದು ಧಾರಾಳ ಸಾಕು. ಬಿಳಿ ಕ್ರೀಮನ್ನು ಕಪ್ಪು ಮಾಡಲು ಹೊರಟರೆ ಆ ಮಿತಿಯೊಳಗೆ ನಿಲ್ಲುವುದು ಬಹಳ ಕಷ್ಟ. ಒಂದು ಚಮಚ ಹಾಕಿದರೆ ಬೂದಿ ಬಣ್ಣ, ಇನ್ನೊಂದು ಹಾಕಿದರೆ ಸಿಮೆಂಟು, ಹೀಗೇ ಹಾಕುತ್ತಾ ಹಾಕುತ್ತಾ ಕಪ್ಪಾಗುವಷ್ಟರಲ್ಲಿ ಕ್ರೀಮು ಕಹಿ ಕಹಿ. 2024ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿ ಪರೀಕ್ಷೆ ಮಾಡಿಸಿದಾಗ 12ರಲ್ಲಿ ಕೃತಕ ಬಣ್ಣದ ತೊಂದರೆ ಕಂಡಿತು, ನೆನಪಿರಬಹುದು. ಆಗ ಹೆಸರು ಕೇಳಿಬಂದದ್ದು ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್, ಅಂದರೆ ಗಾಢ ಬಣ್ಣದ ಕೇಕುಗಳೇ. ಉಳಿದ 223 ಸರಿಯಾಗಿದ್ದವು ಅನ್ನುವುದನ್ನೂ ಹೇಳಬೇಕು, ಸುಮ್ನೆ ಹೆದರಿಸುವುದು ನನಗೆ ಇಷ್ಟವಿಲ್ಲ. ಆದರೆ ಆಮೇಲೆ ಗಾಢ ಬಣ್ಣದ ಆರ್ಡರ್ ಅಂದರೆ ಬೇಕರಿಯವರು ಹಿಂದೆಮುಂದೆ ನೋಡುವುದು ಸಹಜ ಅಲ್ವಾ. ನಿಮ್ಮ ಬೇಕರಿಯವರ "ಬೇಡ"ದಲ್ಲಿ ಇದೂ ಒಂದು ಪಾಲು ಇದ್ದೀತು.

"ಹಾಗಾದರೆ ನ್ಯಾಚುರಲ್ ಆಗಿ ಚಾರ್ಕೋಲ್ ಹಾಕಿಸೋಣ" ಅಂತ ಯಾರಾದರೂ ಹೇಳುತ್ತಾರೆ. ಬೇಡವೇ ಬೇಡ. ಆಕ್ಟಿವೇಟೆಡ್ ಚಾರ್ಕೋಲ್ ಅಂದರೆ ವಿಷ ಕುಡಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಇದ್ದಿಲ ಪುಡಿ. ಹೊಟ್ಟೆಯಲ್ಲಿ ಇದ್ದದ್ದನ್ನು ಹಿಡಿದುಕೊಂಡು ಹೊರಗೆ ಹಾಕುವುದು ಅದರ ಕೆಲಸ. ಅದು ವಿಷ ಯಾವುದು, ಮಾತ್ರೆ ಯಾವುದು ಅಂತ ನೋಡುವುದಿಲ್ಲ. ನಿಮ್ಮ ರಿಸೆಪ್ಷನ್‌ಗೆ ಬರುವ 400 ಜನರಲ್ಲಿ ಬಿಪಿ, ಶುಗರ್, ಹಾರ್ಟು ಅಂತ ರಾತ್ರಿ ಮಾತ್ರೆ ನುಂಗುವ ಹಿರಿಯರು ಎಷ್ಟು ಮಂದಿ ಇರುತ್ತಾರೆ ಲೆಕ್ಕ ಹಾಕಿ. ನ್ಯೂಯಾರ್ಕ್ ನಗರದಲ್ಲಿ ಕಪ್ಪು ಐಸ್‌ಕ್ರೀಮ್ ಹುಚ್ಚು ಜೋರಾಗಿದ್ದಾಗ, 2018ರಲ್ಲಿ, ಅಲ್ಲಿನ ಆರೋಗ್ಯ ಇಲಾಖೆ ಹೋಟೆಲುಗಳಲ್ಲಿ ಇದನ್ನು ಹಾಕುವುದನ್ನೇ ನಿಲ್ಲಿಸಿತು.

ಸರಿ, ಈಗ ಆಗುವ ದಾರಿ.

ಬ್ಲ್ಯಾಕ್ ಕೋಕೋ ಅಂತ ಒಂದು ಪುಡಿ ಸಿಗುತ್ತದೆ. ಸಾಧಾರಣ ಕೋಕೋವನ್ನು ಕ್ಷಾರದಲ್ಲಿ ಚೆನ್ನಾಗಿ ಪಳಗಿಸಿದರೆ ಹುಳಿ ಹೋಗಿ ಬಣ್ಣ ಕಡುಕಪ್ಪಾಗುತ್ತದೆ. ಓರಿಯೋ ಬಿಸ್ಕತ್ತಿನ ಕಪ್ಪು ನೋಡಿದ್ದೀರಲ್ಲ, ಆ ಜಾತಿಯ ಕಪ್ಪು. ಇದರಲ್ಲಿ ಬಣ್ಣ ಜಾಸ್ತಿ, ಚಾಕೊಲೇಟ್ ರುಚಿ ಕಡಿಮೆ. ಹಾಗಾಗಿ ಸ್ಪಂಜಿಗೆ ಬರೀ ಬ್ಲ್ಯಾಕ್ ಕೋಕೋ ಹಾಕಿದರೆ ಬಾಯಿಗೆ ಒಣ ಒಣ, ಸಪ್ಪೆ. ಅರ್ಧ ಇದು, ಅರ್ಧ ಮಾಮೂಲಿ ಕೋಕೋ ಹಾಕಿದರೆ ಸರಿ. ಇನ್ನೊಂದು ಸಣ್ಣ ವಿಷಯ, ಮನೆಯಲ್ಲಿ ಪ್ರಯೋಗ ಮಾಡುವವರಿಗೆ: ಇದರಲ್ಲಿ ಹುಳಿ ಇಲ್ಲದ ಕಾರಣ ಬರೀ ಅಡುಗೆ ಸೋಡಾ ಹಾಕಿದರೆ ಕೇಕ್ ಉಬ್ಬುವುದಿಲ್ಲ, ಬೇಕಿಂಗ್ ಪೌಡರ್ ಬೇಕು.

ಹೊರಗಿನ ಲೇಪಕ್ಕೆ ನಾನು ಹೇಳುವುದು ಡಾರ್ಕ್ ಚಾಕೊಲೇಟ್ ಗನಾಶ್. ಮಾಮೂಲಿ ಲೆಕ್ಕ ಎರಡು ಪಾಲು ಚಾಕೊಲೇಟಿಗೆ ಒಂದು ಪಾಲು ಕ್ರೀಮು, ನಮ್ಮ ಏಪ್ರಿಲ್ ಸೆಕೆಗೆ ಎರಡೂವರೆ ಪಾಲಾದರೂ ಬೇಕು, ಇಲ್ಲದಿದ್ದರೆ ಇಳಿಯುತ್ತದೆ. ಕ್ರೀಮನ್ನು ಕುದಿ ಬರುವ ಮುಂಚೆ ಇಳಿಸಿ, ಚೂರು ಮಾಡಿದ ಚಾಕೊಲೇಟಿನ ಮೇಲೆ ಸುರಿದು, ಮುಟ್ಟದೆ ಎರಡು ನಿಮಿಷ ಬಿಟ್ಟು, ಆಮೇಲೆ ನಡುವಿನಿಂದ ಕಲಸುತ್ತಾ ಹೊರಗೆ ಬರಬೇಕು. ಆಗ ಅದು ಕಡು ಕಂದು. ಅದಕ್ಕೆ ಒಂದೆರಡು ಚಮಚ ಬ್ಲ್ಯಾಕ್ ಕೋಕೋ ಜರಡಿ ಹಿಡಿದು ಹಾಕಿ, ರಾತ್ರಿ ಮುಚ್ಚಿಟ್ಟರೆ, ಬೆಳಿಗ್ಗೆ ನೋಡುವಾಗ ಬಣ್ಣ ಇನ್ನೂ ಒಂದು ಹದ ಗಾಢವಾಗಿರುತ್ತದೆ. ಬಿಸಿ ಇರುವಾಗ ನೋಡಿ "ಇನ್ನೂ ಕಪ್ಪಾಗಿಲ್ಲ" ಅಂತ ಗಾಬರಿಯಾಗಿ ಬಣ್ಣ ಸುರಿಯುವವರೇ ಜಾಸ್ತಿ. ಕಾಯಬೇಕು ಅಷ್ಟೇ.

ಹೀಗೆ ಮಾಡಿದ್ದು ಟಿವಿ ಪರದೆಯಂಥ ಕಪ್ಪು ಆಗುವುದಿಲ್ಲ. ತೀರಾ ಹತ್ತಿರ ಹೋಗಿ ನೋಡಿದರೆ ಕಡು ಕಂದು. ಆದರೆ ಹಾಲ್‌ನ ದೀಪದಲ್ಲಿ, ನಾಲ್ಕು ಹೆಜ್ಜೆ ದೂರದಿಂದ, ಪಕ್ಕದಲ್ಲಿ ನಿಮ್ಮ ಬಿಳಿ ಗೌನ್ ಇರುವಾಗ, ಅದು ಕಪ್ಪೇ. ಫೋಟೋದಲ್ಲಂತೂ ಪೂರ್ತಿ ಕಪ್ಪು. ಅಲ್ಲದೆ ಈ ಕಂದಿನ ಛಾಯೆ ಇರುವುದರಿಂದ ತಿನ್ನುವ ವಸ್ತು ಅಂತ ಕಣ್ಣಿಗೆ ಗೊತ್ತಾಗುತ್ತದೆ. ಜೆಲ್ ಹಾಕಿ ಮಾಡಿದ ಅಚ್ಚ ಕಪ್ಪು ಕೇಕು ಹೊಸದಾಗಿ ಹಾಕಿದ ಟಾರು ರಸ್ತೆಯ ಹಾಗೆ ಕಾಣುತ್ತದೆ ಮಾರಾಯ್ರೆ, ಕೈ ಹಾಕಲು ಮನಸ್ಸೇ ಬರುವುದಿಲ್ಲ.

ಚಾಕೊಲೇಟು ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಕಾಂಪೌಂಡ್ ಅಂದರೆ ಕೋಕೋ ಬೆಣ್ಣೆಯ ಬದಲು ಬೇರೆ ಎಣ್ಣೆಕೊಬ್ಬು ಹಾಕಿದ್ದು, ಸೆಕೆ ತಡೆಯುತ್ತದೆ, ರುಚಿ ಸುಮಾರು. ಕೂವರ್ಚರ್ ಅಂದರೆ ಅಸಲು ಕೋಕೋ ಬೆಣ್ಣೆಯದ್ದು, ರುಚಿ ಬೇರೆಯೇ ಲೆವೆಲ್ಲು, ಆದರೆ ಬೇಗ ಮೆತ್ತಗಾಗುತ್ತದೆ. ಹಾಲ್‌ನಲ್ಲಿ ಏಸಿ ಇದ್ದರೆ ಕೂವರ್ಚರ್, ಇಲ್ಲದಿದ್ದರೆ ಎರಡನ್ನೂ ಸೇರಿಸಿ. ಅಡಿಕೆ ತೋಟದ ನಡುವೆ ಕೋಕೋ ಬೆಳೆಯುವ ಊರು ನಮ್ಮದು, ಪುತ್ತೂರಿನ ಕ್ಯಾಂಪ್ಕೋ ಫ್ಯಾಕ್ಟರಿ 1986ರಿಂದ ಚಾಕೊಲೇಟ್ ಮಾಡುತ್ತಿದೆ. ಕಪ್ಪು ಅಂದರೆ ಪರದೇಶದ ಫ್ಯಾಶನ್ ಅನ್ನುವವರಿಗೆ ಇದನ್ನೂ ಒಂದು ಮಾತು ಹೇಳಿ.

ಈಗ ನಿಜವಾದ ಸಮಸ್ಯೆ: ಹಲ್ಲು. ನಿಮ್ಮ ರಿಸೆಪ್ಷನ್ ಕ್ರಮ ನೆನಪು ಮಾಡಿಕೊಳ್ಳಿ. ಒಳಗೆ ಬಂದ ಕೂಡಲೇ ಕೇಕ್ ಕಟಿಂಗ್. ಅವರು ನಿಮ್ಮ ಬಾಯಿಗೆ, ನೀವು ಅವರ ಬಾಯಿಗೆ. ಆಮೇಲೆ ಟೋಸ್ಟು, ವೈನು. ಆಮೇಲೆ ಎರಡು ಗಂಟೆ ಸ್ಟೇಜಿನಲ್ಲಿ ನಿಂತು ನಗುತ್ತಾ ಫೋಟೋ. ಜೆಲ್ ಬಣ್ಣದ ಕಪ್ಪು ಕ್ರೀಮು ಮೊದಲ ತುತ್ತಿಗೇ ತುಟಿ, ನಾಲಗೆ, ಹಲ್ಲಿನ ಸಂದು ಎಲ್ಲಾ ಕಡೆ ಹಿಡಿಯುತ್ತದೆ, ನೀರು ಕುಡಿದರೂ ಹೋಗುವುದಿಲ್ಲ. ಇಡೀ ಆಲ್ಬಮ್ಮಿನಲ್ಲಿ ವಧು ವರ ಇಬ್ಬರೂ ನೇರಳೆಹಣ್ಣು ತಿಂದು ಬಂದವರು. ಮರುದಿನ ಬೆಳಿಗ್ಗೆ ಬಾತ್‌ರೂಮಿನಲ್ಲಿ ಹಸಿರು ಬಣ್ಣ ನೋಡಿ ಗಾಬರಿಯಾಗಿ ಡಾಕ್ಟರಿಗೆ ಫೋನು ಮಾಡಿದವರೂ ಇದ್ದಾರೆ. ಅದರಿಂದ ಅಪಾಯ ಏನಿಲ್ಲ, ಕೇಕಿನ ಬಣ್ಣವೇ ಅದು, ಆದರೆ 400 ಜನರಿಗೆ ಹೀಗೆ ಮಾಡುವುದು ಬೇಡ.

ಇದಕ್ಕೆ ಉಪಾಯ ಸುಲಭ. ಮೂರು ಅಂತಸ್ತಿನಲ್ಲಿ ಎರಡು ಡಮ್ಮಿ ಮಾಡಿಸಿ. ಥರ್ಮಾಕೋಲಿಗೆ ರೆಡಿಮೇಡ್ ಕಪ್ಪು ಫಾಂಡೆಂಟ್, ಅಂದರೆ ಹಾಳೆಯಂತೆ ಲಟ್ಟಿಸುವ ಸಕ್ಕರೆಯ ಕಣಕ, ಹೊದಿಸಿದರೆ ಆಯಿತು, ಅದನ್ನು ಯಾರೂ ತಿನ್ನುವುದಿಲ್ಲ, ಎಷ್ಟು ಕಪ್ಪಾದರೂ ಇರಲಿ. ಈಗ ಹೆಚ್ಚಿನವರು ಹೀಗೇ ಮಾಡಿಸುವುದು, ಇದರಲ್ಲಿ ನಾಚಿಕೆ ಏನೂ ಇಲ್ಲ. ಕತ್ತರಿಸುವ ಒಂದು ಅಂತಸ್ತು ಮಾತ್ರ ಅಸಲು: ಹೊರಗೆ ತೆಳ್ಳಗೆ ಗನಾಶ್, ಒಳಗೆ ಬಿಳಿ ಅಥವಾ ಕೆನೆ ಬಣ್ಣದ ಕ್ರೀಮು. ಒಂದು ಮುನ್ನೆಚ್ಚರಿಕೆ. ಚೂರಿ ಮೇಲಿನಿಂದ ಇಳಿಯುವಾಗ ಹೊರಗಿನ ಕಪ್ಪನ್ನು ಒಳಗಿನ ಬಿಳಿಗೆ ಎಳೆದುಕೊಂಡು ಹೋಗುತ್ತದೆ, ಮೊದಲ ಪೀಸು ಗೀರು ಗೀರಾಗಿ ಕಾಣುತ್ತದೆ. ಚೂರಿಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ ಕೊಡಲು ಒಬ್ಬರನ್ನು ನಿಲ್ಲಿಸಿ. ಮತ್ತೆ ಎಡಗೈಯಲ್ಲಿ ಗೌನ್ ಹಿಡಿದುಕೊಂಡು ಸ್ವಲ್ಪ ಹಿಂದೆ ನಿಂತು ತಿನ್ನಿ, ಕಪ್ಪು ಚೂರು ಬಿಳಿ ಸ್ಯಾಟಿನ್ ಮೇಲೆ ಬಿದ್ದರೆ ಉಜ್ಜಬೇಡಿ, ಎತ್ತಿ ತೆಗೆಯಿರಿ.

ಜನರಿಗೆ ಹಂಚುವ ಕೇಕು ಬೇರೆಯೇ ಇರಲಿ, ಅಡುಗೆಮನೆಯಲ್ಲಿ ಮೊದಲೇ ಪೀಸು ಮಾಡಿಟ್ಟದ್ದು. ವೈನಿನ ಜೊತೆ ಕೊಡುವ ಸಣ್ಣ ತುಂಡು 45-50 ಗ್ರಾಂ ಅಂತ ಹಿಡಿದರೆ ಕೆಜಿಗೆ 20ರಿಂದ 22 ಬರುತ್ತದೆ, ನಿಮ್ಮ 400 ಜನರಿಗೆ ಹೆಚ್ಚು ಕಡಿಮೆ 20 ಕೆಜಿ. ಅದು ಪ್ಲಮ್ ಕೇಕ್ ಆದರೆ ನನಗೆ ಬಹಳ ಖುಷಿ. ಯಾಕೆ ಅಂದರೆ ನಿಮ್ಮ ಅತ್ತೆಯ ಪ್ರಶ್ನೆಗೆ ಉತ್ತರ ಇರುವುದೇ ಅದರಲ್ಲಿ.

ಬಿಳಿ ಕೇಕು ನಮ್ಮ ಹಿರಿಯರ ಕಾಲದ ಸಂಪ್ರದಾಯ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದು ಹೆಸರು ಮಾಡಿದ್ದು 1840ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮದುವೆಯಲ್ಲಿ. 300 ಪೌಂಡು ತೂಕದ ಕೇಕಂತೆ, ಮೇಲೆ ಅಚ್ಚ ಬಿಳಿ ಐಸಿಂಗ್. ಆಗ ಅಷ್ಟು ಶುದ್ಧ ಬಿಳಿ ಸಕ್ಕರೆ ಬಹಳ ದುಬಾರಿ. ಬಿಳಿ ಅಂದರೆ ಪಾವಿತ್ರ್ಯ ಅಂತ ಎಷ್ಟೇ ಹೇಳಿದರೂ, "ನಮ್ಮ ಹತ್ತಿರ ದುಡ್ಡಿದೆ" ಅಂತ ತೋರಿಸುವುದೂ ಅದರಲ್ಲಿ ಇತ್ತು. ಆದರೆ ಐಸಿಂಗ್ ಒಳಗೆ ಇದ್ದದ್ದು ಒಣಹಣ್ಣಿನ ಕಪ್ಪು ಕೇಕೇ. ನಮ್ಮಲ್ಲೂ ಹಾಗೇ ಅಲ್ವಾ. ಹಳೆಯ ಮದುವೆಗಳಲ್ಲಿ ಸಕ್ಕರೆ ಸುಟ್ಟು ಕಪ್ಪು ಮಾಡಿದ ಪಾಕ, ರಮ್ಮಿನಲ್ಲಿ ನೆನೆಸಿದ ದ್ರಾಕ್ಷಿ, ಅದರ ಮೇಲೆ ಗೇರುಬೀಜದ ಮಾರ್ಜಿಪಾನ್, ಅದರ ಮೇಲೆ ಕಲ್ಲಿನಂತೆ ಗಟ್ಟಿಯಾದ ರಾಯಲ್ ಐಸಿಂಗ್. ಬಿಳಿ ಅನ್ನುವುದು ಬರೀ ಮುಚ್ಚಳ. ನೀವು ಈಗ ಆ ಮುಚ್ಚಳ ತೆಗೆಯುತ್ತಿದ್ದೀರಿ ಅಷ್ಟೇ. ಅಂದಹಾಗೆ ಬಿಳಿಯೂ ತೀರಾ ಸಾಧು ಅಲ್ಲ. ಐಸಿಂಗನ್ನು ಹಾಲಿನಂತೆ ಬೆಳ್ಳಗೆ ಮಾಡಲು ಬಳಸುವ ಟೈಟಾನಿಯಂ ಡೈಆಕ್ಸೈಡನ್ನು ಯುರೋಪಿಯನ್ ಒಕ್ಕೂಟ 2022ರಲ್ಲಿ ತಿನಿಸುಗಳಿಂದ ಹೊರಗೆ ಹಾಕಿತು.

ಅಪಶಕುನದ ಮಾತಿಗೆ ವಾದ ಮಾಡಲು ಹೋಗಬೇಡಿ. ಕರಿಮಣಿ ಕಪ್ಪು, ಮದುಮಗಳ ಕೆನ್ನೆಯ ದೃಷ್ಟಿಬೊಟ್ಟು ಕಪ್ಪು, ಹಾಗಿರುವಾಗ ಕಪ್ಪು ಕೆಟ್ಟದ್ದು ಹೇಗಾಗುತ್ತದೆ ಅಂತ ನಾನು ಕೇಳಬಹುದು, ನೀವು ಕೇಳಿದರೆ ಮದುವೆಗೆ ಮುಂಚೆಯೇ ಸೊಸೆ ಬಾಯಿ ಜೋರು ಅಂತಾಗುತ್ತದೆ. ಅವರನ್ನು ಟೇಸ್ಟಿಂಗಿಗೆ ಕರೆದುಕೊಂಡು ಹೋಗಿ. "ಕಪ್ಪು ಕೇಕ್" ಅಂತ ಹೇಳಲೇಬೇಡಿ, "ಚಾಕೊಲೇಟ್ ಕೇಕ್" ಅನ್ನಿ. ಚಾಕೊಲೇಟ್ ಕೇಕಿಗೆ ಅಪಶಕುನ ಅಂದವರನ್ನು ನಾನು ಇದುವರೆಗೆ ಕಂಡಿಲ್ಲ. ಜೊತೆಗೆ ಪ್ಲಮ್ ಕೇಕಿನ ರುಚಿ ನೋಡಿ ಹದ ಹೇಳುವ ಅಧಿಕಾರ ಅವರಿಗೇ ಬಿಟ್ಟುಕೊಡಿ, ರಮ್ಮು ಎಷ್ಟು, ಮಸಾಲೆ ಎಷ್ಟು ಅಂತ. ಅಷ್ಟಾದರೆ ಹೊರಗಿನ ಬಣ್ಣದ ಸುದ್ದಿಗೆ ಅವರು ಬರುವುದು ಕಡಿಮೆ.

ಅಲಂಕಾರಕ್ಕೆ ಗುಲಾಬಿ, ಆರ್ಕಿಡ್ ಎಲ್ಲರೂ ಇಡುತ್ತಾರೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಶಂಕರಪುರ ಮಲ್ಲಿಗೆ ಇಡುತ್ತಿದ್ದೆ. ಹೇಗೂ ತಲೆಗೆ ಮುಡಿಯಲು ಮಲ್ಲಿಗೆ ತರಿಸುತ್ತೀರಿ, ಅದೇ ಲೆಕ್ಕದಲ್ಲಿ ನಾಲ್ಕು ಚೆಂಡು ಜಾಸ್ತಿ ಹೇಳಿ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಆ ಬಿಳಿ ಸಾಲನ್ನು ಕಪ್ಪು ಅಂತಸ್ತಿನ ಬುಡಕ್ಕೆ ಸುತ್ತಿದರೆ ಬೇರೆ ಏನೂ ಬೇಡ, ಚಿನ್ನದ ಪುಡಿಯೂ ಬೇಡ. ಡಮ್ಮಿ ಅಂತಸ್ತಿಗೆ ಮಾತ್ರ ಸುತ್ತಿ, ಅಸಲು ಕೇಕಿಗೆ ತಾಗಿಸಬೇಡಿ, ಹೂವಿಗೆ ಔಷಧಿ ಹೊಡೆದಿರಬಹುದು. ಕಣಗಿಲೆಯಂಥ ವಿಷದ ಹೂವನ್ನು ಹತ್ತಿರವೂ ತರಬೇಡಿ. ಚಿನ್ನದ ಮಿನುಗು ಬೇಕೇಬೇಕು ಅಂದರೆ ಡಬ್ಬಿಯ ಮೇಲೆ ತಿನ್ನಬಹುದು ಅಂತ ಇದೆಯಾ ನೋಡಿ. "ವಿಷವಲ್ಲ" ಅಂತ ಬರೆದಿದ್ದರೆ ಅದು ತಿನ್ನಲಿಕ್ಕೆ ಅಂತ ಅರ್ಥವಲ್ಲ. ಕ್ರಾಫ್ಟ್ ಅಂಗಡಿಯ ಮಿನುಗಿನ ಮೇಲೂ ಹಾಗೇ ಬರೆದಿರುತ್ತದೆ.

ನೇವಿ ಬ್ಲೂ ಕೇಳಿದ್ದೀರಿ. ಬೇಡ. ಹಲ್ಲಿಗೆ ಹಿಡಿಯುವುದರಲ್ಲಿ ಕಪ್ಪಿಗಿಂತ ಏನೂ ಕಡಿಮೆ ಇಲ್ಲ, ಚಾಕೊಲೇಟಿನಿಂದ ಹುಟ್ಟುವ ಬಣ್ಣವೂ ಅಲ್ಲ, ಪೂರ್ತಿ ಡಬ್ಬಿಯನ್ನೇ ನಂಬಬೇಕು. ಬಾಟಲ್ ಗ್ರೀನ್ ಕೂಡ ಹಾಗೇ, ಅದೂ ಅಲ್ಲದೆ ರಾತ್ರಿಯ ದೀಪದಲ್ಲಿ ಅದು ಯಾರಿಗೂ ಹಸಿರು ಅಂತ ಗೊತ್ತಾಗುವುದಿಲ್ಲ. ಮರೂನ್ ಮಾತ್ರ ಯೋಚನೆ ಮಾಡುವಂಥದ್ದು. ಗಂಡಿನ ಮನೆಯವರು ಕೊಡುವ ಸಾಡೊ ಸೀರೆಯ ಕೆಂಪಿಗೆ ಹೊಂದುತ್ತದೆ, ಅತ್ತೆಗೂ ಖುಷಿ. ಬಿಳಿ ಕ್ರೀಮಿನಿಂದ ಶುರು ಮಾಡಿದರೆ ಕೆಂಪು ಎಷ್ಟು ಹಾಕಿದರೂ ಗುಲಾಬಿಯಲ್ಲೇ ನಿಲ್ಲುತ್ತದೆ, ಚಾಕೊಲೇಟ್ ಬೆಣ್ಣೆ ಕ್ರೀಮಿನಿಂದ ಶುರು ಮಾಡಿದರೆ ಸ್ವಲ್ಪ ಕೆಂಪಿಗೇ ಮರೂನ್ ಬರುತ್ತದೆ. ಕಪ್ಪು ಆಗಲೇ ಇಲ್ಲ ಅಂತಾದರೆ ನನ್ನ ಎರಡನೇ ಆಯ್ಕೆ ಇದು.

ಸೆಕೆಯ ವಿಷಯ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಫಾಂಡೆಂಟ್ ಅಂದರೆ ಸಕ್ಕರೆ, ಸಕ್ಕರೆ ಗಾಳಿಯ ನೀರು ಎಳೆಯುತ್ತದೆ. ಫ್ರಿಜ್ಜಿನಿಂದ ತೆಗೆದ ಕಪ್ಪು ಫಾಂಡೆಂಟ್ ಕೇಕನ್ನು ಸೀದಾ ಮಂಗಳೂರಿನ ಏಪ್ರಿಲ್ ಗಾಳಿಗೆ ಇಟ್ಟರೆ ಹತ್ತು ನಿಮಿಷದಲ್ಲಿ ಬೆವರುತ್ತದೆ. ಬಿಳಿ ಕೇಕಿನಲ್ಲಿ ಆ ಬೆವರು ಕಾಣುವುದಿಲ್ಲ. ಕಪ್ಪಿನಲ್ಲಿ ಒಂದೊಂದು ಹನಿಯೂ ಕಾಣುತ್ತದೆ, ಹನಿ ಇಳಿದ ದಾರಿ ಕಾಣುತ್ತದೆ, ಯಾರಾದರೂ ಮಗು ಬೆರಳು ಒತ್ತಿದರೆ ಆ ಬೆರಳಚ್ಚೂ ಕಾಣುತ್ತದೆ. ಕೆಳಗೆ ಬಿಳಿ ಬಟ್ಟೆ ಹಾಸಿದ್ದರೆ ಬುಡದಲ್ಲಿ ನೇರಳೆ ಉಂಗುರ. ಡಮ್ಮಿಗೆ ಫ್ರಿಜ್ಜು ಬೇಕಾಗಿಲ್ಲ, ಅದನ್ನು ಮೊದಲೇ ಇಡಬಹುದು. ಅಸಲು ಅಂತಸ್ತು ಮಾತ್ರ ನೀವು ಒಳಗೆ ಬರುವ ಸ್ವಲ್ಪ ಮುಂಚೆ ಬರಲಿ. ಫಾಂಡೆಂಟ್ ಹರಡುವಾಗ ಕಾರ್ನ್‌ಫ್ಲೋರ್ ಉದುರಿಸಬೇಡಿ ಅಂತ ಬೇಕರಿಯವರಿಗೆ ಹೇಳಿ, ಬಿಳಿ ಕಲೆ ಉಳಿಯುತ್ತದೆ, ಕೈಗೆ ಎಣ್ಣೆ ಸವರಿಕೊಂಡು ಮಾಡಲಿ. ಗೊತ್ತಿರುವವರಿಗೆ ಇದು ಗೊತ್ತೇ ಇರುತ್ತದೆ. ಕೇಳಿದಾಗ ಮುಖ ನೋಡಿದರೆ ನಿಮಗೇ ತಿಳಿಯುತ್ತದೆ ಅವರು ಮೊದಲು ಕಪ್ಪು ಕೇಕ್ ಮಾಡಿದ್ದಾರಾ ಇಲ್ಲವಾ ಅಂತ.

ಫೋಟೋದವರಿಗೂ ಒಂದು ಮಾತು ಮೊದಲೇ ಹೇಳಿ. ಕಪ್ಪು ಕೇಕಿನ ಹಿಂದೆ ಗಾಢ ಬಣ್ಣದ ಪರದೆ ಇದ್ದರೆ ಕೇಕು ಕಾಣುವುದೇ ಇಲ್ಲ, ಹಿಂದೆ ತಿಳಿ ಬಣ್ಣ ಇರಲಿ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಬರೀ ಹೊಳಪು, ಪಕ್ಕದಿಂದ ಬೆಳಕು ಬಿದ್ದರೆ ಮಲ್ಲಿಗೆ, ಗೆರೆ, ಅಂಚು ಎಲ್ಲಾ ಚೆಂದ ಬರುತ್ತದೆ. ಮೇಜಿನ ಬಟ್ಟೆ ಕೆನೆ ಬಣ್ಣದ್ದಾದರೂ ಕೇಕಿನ ಅಡಿಗೆ ಒಂದು ಕಪ್ಪು ಬೋರ್ಡು ಇರಲಿ, ಸ್ಟೇಜಿನ ಹಿಂದೆ ಒಂದಷ್ಟು ಟಿಶ್ಯೂ, ಒಂದು ಬಾಟಲಿ ನೀರು ಇರಲಿ.

ಮತ್ತೆ ಮದುವೆಗೆ ಒಂದು ತಿಂಗಳ ಮುಂಚೆ ಅರ್ಧ ಕೆಜಿಯ ಟ್ರಯಲ್ ಮಾಡಿಸಿ, ದುಡ್ಡು ಕೊಟ್ಟೇ ಮಾಡಿಸಿ. ಅದನ್ನು ಮನೆಯಲ್ಲಿ ಮಧ್ಯಾಹ್ನ ಫ್ಯಾನಿನ ಕೆಳಗೆ ಎರಡು ಗಂಟೆ ಇಟ್ಟು ನೋಡಿ. ಆಮೇಲೆ ಒಂದು ದೊಡ್ಡ ಪೀಸು ತಿಂದು ಕನ್ನಡಿ ಎದುರು ನಿಂತು ಚೆನ್ನಾಗಿ ಹಲ್ಲು ಬಿಟ್ಟು ನಗಿ. ಹಲ್ಲು ಬೆಳ್ಳಗಿದ್ದರೆ ಅಡ್ವಾನ್ಸ್ ಕೊಡಿ.